400 ವರ್ಷಕ್ಕೊಮ್ಮೆ ಅರಳುವ ಹೂವಲ್ಲ ಅದು

ಹಿಮಾಲಯದ ಬಂಡೆಗಳ ನಡುವೆ ಗೋಪುರದ ಹಾಗೆ ನಿಂತ ಹಳದಿ ಗಿಡ. ‘400 ವರ್ಷಕ್ಕೊಮ್ಮೆ ಅರಳುವ ಮಹಾಮೇರು ಪುಷ್ಪ, ನೋಡಿದವರೇ ಪುಣ್ಯವಂತರು’ ಎಂಬ ಸಾಲಿನ ಜೊತೆ ಈ ಫೋಟೊ ವಾಟ್ಸ್ಆ್ಯಪ್‌ನಲ್ಲಿ ವರ್ಷಗಳಿಂದ ಓಡಾಡುತ್ತಿದೆ. ಫೋಟೊ ನಿಜ, ಲೆಕ್ಕ ತಪ್ಪು.

ಇದು ಸಿಕ್ಕಿಂ ಸುಂದರಿ. ಸುಮಾರು 4,000 ಮೀಟರ್‌ಗಿಂತ ಎತ್ತರದಲ್ಲಿ ಬೆಳೆಯುತ್ತದೆ, ಮಳೆಗಾಲದ ಶುರುವಿನಲ್ಲಿ ಹೂ ಬಿಡುತ್ತದೆ. ಒಂದೊಂದು ಗಿಡ ಕೆಲವು ವರ್ಷ ನೆಲಕ್ಕಂಟಿಕೊಂಡು ಬೆಳೆದು, ಒಮ್ಮೆ ಆಳೆತ್ತರಕ್ಕೆ ಎದ್ದು ಹೂಬಿಟ್ಟು ಸಾಯುತ್ತದೆ. ಆದರೆ ಬೆಟ್ಟದಲ್ಲಿ ಪ್ರತಿವರ್ಷ ಯಾವುದೋ ಗಿಡದ ಸರದಿ ಇರುತ್ತದೆ. ಇನ್ನೊಂದು ಸೊಗಸು ಕೇಳಿ: ಆ ಹಳದಿ ಪದರಗಳು ಹೂವೇ ಅಲ್ಲ, ಬೆಳಕು ಹಾಯುವಂಥ ತೆಳ್ಳನೆಯ ಎಲೆಗಳು. ಒಂದನ್ನು ಎತ್ತಿದರೆ ಒಳಗೆ ಪುಟಾಣಿ ಹಸಿರು ಹೂಗಳು, ಚಳಿಗೆ ಹೊದ್ದುಕೊಂಡ ಹಾಗೆ ಬೆಚ್ಚಗಿರುತ್ತವೆ.

ನಮ್ಮ ಬಾಬಾಬುಡನ್‌ಗಿರಿಯ ಕುರಿಂಜಿ 12 ವರ್ಷಕ್ಕೊಮ್ಮೆ ಅರಳುವುದು ನಿಜ. ಹಾಗಾಗಿ 400 ಅಂದರೂ ನಂಬಿಕೆ ಬರುವುದು ಸಹಜ, ಅಲ್ವಾ?

ನೀವೇ ನೋಡಬಹುದು. ಫೋಟೊವನ್ನು, ಅಂಥದೇ ಚಿತ್ರಗಳನ್ನು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಸಿಕ್ಕ ಚಿತ್ರಗಳನ್ನು ಯಾವ ವರ್ಷ ತೆಗೆದದ್ದು ಅಂತ ಗಮನಿಸಿ. ಬೇರೆ ಬೇರೆ ವರ್ಷಗಳ ಚಿತ್ರಗಳಿದ್ದರೆ 400ರ ಮಾತು ಅಲ್ಲಿಗೇ ಮುಗಿಯಿತು. ನೀವು ತೆಗೆದ ಕಾಡುಹೂವಿನ ಫೋಟೊ ಕಳಿಸುವಾಗಲೂ ಊರು, ತಿಂಗಳು ಬರೆದುಬಿಡಿ.