ಕಪ್ಪೆಗೂ ಕಂಕಣಬಲ

2019ರ ಜೂನ್ 8ರಂದು ಉಡುಪಿಯಲ್ಲಿ ವರುಣನಿಗೂ ವರ್ಷಾಳಿಗೂ ಮದುವೆಯಾಯಿತು. ವಧೂವರರಿಬ್ಬರೂ ಕಪ್ಪೆಗಳು. ಮುಂಗಾರು ತಡವಾದುದರಿಂದ ಮಳೆ ತರಿಸುವ ಹೊಣೆಯನ್ನು ಊರಿನ ಮಹನೀಯರು ಈ ಜೋಡಿಯ ಬೆನ್ನಿಗೆ ಹೊರಿಸಿ, 'ಮಂಡೂಕ ಪರಿಣಯ'ವನ್ನು ಶಾಸ್ತ್ರೋಕ್ತವಾಗಿ ನೆರವೇರಿಸಿದರು. ಕೇರಳಕ್ಕೆ ಮುಂಗಾರು ಕಾಲಿಟ್ಟಿತೆಂದು ಹವಾಮಾನ ಇಲಾಖೆ ಘೋಷಿಸಿದ್ದೂ ಅದೇ ದಿನವಾದ್ದರಿಂದ, ವಾಲಗದ ಸದ್ದು ಅರಬ್ಬೀ ಸಮುದ್ರಕ್ಕೆಲ್ಲ ಕೇಳಿಸಿತೆಂದು ನಂಬಲು ಅಡ್ಡಿಯಿಲ್ಲ. ಮೋಡಗಳು ಮುಹೂರ್ತಕ್ಕೆ ಮೊದಲೇ ಹೊರಟಿದ್ದವಲ್ಲ ಎಂದು ತಗಾದೆ ತೆಗೆಯುವವರಿಗೆ ಮದುವೆಯೂಟ ಬಡಿಸಬಾರದು.

ನನ್ನ ತಕರಾರು ಮಳೆಯ ಕುರಿತಾದುದಲ್ಲ, ವಧುವಿನ ಕುರಿತಾದುದು. ಕಪ್ಪೆಗಳಲ್ಲಿ ಹೆಣ್ಣು ನೋಡುವ ಶಾಸ್ತ್ರವಿಲ್ಲ. ಇರುವುದು ಗಂಡು ಕೇಳುವ ಶಾಸ್ತ್ರ. ಜೋರು ಮಳೆ ಬಿದ್ದ ರಾತ್ರಿ ಗದ್ದೆಯ ನೀರಿನಲ್ಲಿ ಗಂಡುಗಳೆಲ್ಲ ಗಂಟಲ ಚೀಲ ಉಬ್ಬಿಸಿಕೊಂಡು ವಟಗುಟ್ಟುತ್ತವೆ. ದೊಡ್ಡ ಗದ್ದೆಗಪ್ಪೆಯ ಗಂಡಂತೂ ಆ ಕೆಲವೇ ದಿನಗಳಿಗಾಗಿ ಮೈಯನ್ನು ನಿಂಬೆಹಣ್ಣಿನ ಹಳದಿಗೂ ಗಂಟಲ ಚೀಲವನ್ನು ನೀಲಿಗೂ ತಿರುಗಿಸಿಕೊಳ್ಳುತ್ತದೆ. ನಮ್ಮ ಮದುಮಗನ ಜರಿಪೇಟ ಅದರ ಮುಂದೆ ಬರೀ ಬಾಡಿಗೆಯ ಸರಕು. ಹೆಣ್ಣು ಕತ್ತಲಲ್ಲಿ ಕುಳಿತು ದನಿಗಳನ್ನು ತೂಗಿ ನೋಡಿ, ಮೆಚ್ಚಿದ ದನಿಯತ್ತ ಸಾಗುತ್ತದೆ. ಪನಾಮಾದ ತುಂಗಾರಾ ಕಪ್ಪೆಗಳಲ್ಲಿ, ಕೂಗಿನ ಕೊನೆಗೊಂದು 'ಚಕ್' ಸೇರಿಸುವ ಗಂಡೆಂದರೆ ಹೆಣ್ಣಿಗೆ ಹೆಚ್ಚು ಇಷ್ಟ; ಅದೇ 'ಚಕ್' ಕೇಳಿ ಕಪ್ಪೆ ತಿನ್ನುವ ಬಾವಲಿಯೂ ಹಾರಿ ಬರುತ್ತದೆ. ಬಾಯಿ ತೆರೆದು ವರದಕ್ಷಿಣೆ ಕೇಳುವ ನಮ್ಮ ವರನಿಗೆ ಇಷ್ಟು ಅಪಾಯ ಎಲ್ಲಿದೆ?

ಹೀಗೆ ಸ್ವಯಂವರದ ಹಕ್ಕನ್ನು ಹುಟ್ಟಿನಿಂದಲೇ ಪಡೆದು ಬಂದವಳನ್ನು ನಾವು ಹಿಡಿದು ತಂದು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಎಂದು ಪಾಲಾಗಿ, ಯಾರೋ ಆರಿಸಿದ ವರನ ಪಕ್ಕದಲ್ಲಿ ಕೂರಿಸುತ್ತೇವೆ. ಜಾತಿಯ ವಿಷಯದಲ್ಲಿ ಇಷ್ಟೊಂದು ಎಚ್ಚರವಿರುವ ಈ ದೇಶದಲ್ಲಿ, ಕಪ್ಪೆ ಮದುವೆಯ ಪುರೋಹಿತರು ವಧೂವರರು ಒಂದೇ ಜಾತಿಯವರೇ ಎಂದು ವಿಚಾರಿಸಿದ್ದನ್ನು ನಾನಂತೂ ಕೇಳಿಲ್ಲ. ವಿಚಾರಿಸಲೇಬೇಕಾದ ಏಕೈಕ ಮದುವೆ ಇದಾಗಿತ್ತು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನಾವು ಆ ಒದ್ದೆ ಚರ್ಮಕ್ಕೇ ಅರಿಶಿನ ಕುಂಕುಮ ಮೆತ್ತುತ್ತೇವೆ. ವಧು ಹಿಂಗಾಲು ಚಾಚಿ ಬೆರಳ ಸಂದಿನಿಂದ ಜಾರಲು ನೋಡಿದರೆ ನಾಚಿಕೆಯೆಂದು ನೆಂಟರು ನಗುತ್ತಾರೆ. ಇನ್ನೊಂದು ಸಂಗತಿಯಿದೆ. ಸಮ್ಮತಿಯಿಲ್ಲದೆ ಬೆನ್ನಿಂದ ತಬ್ಬಿ ಹಿಡಿದ ಗಂಡಿಗೆ 'ಬಿಡು' ಎಂದು ತಿಳಿಸಲು ಅನೇಕ ಜಾತಿಯ ಕಪ್ಪೆಗಳಲ್ಲಿ ಬೇರೆಯದೇ ಕೂಗು ಇದೆ, ಅದನ್ನು ಕೇಳಿದ ಗಂಡು ಸಾಮಾನ್ಯವಾಗಿ ಬಿಟ್ಟೂ ಬಿಡುತ್ತದೆ. ಮಂಟಪದಲ್ಲಿ ಆ ಕೂಗು ಹೊರಟರೆ ಗಟ್ಟಿಮೇಳದಲ್ಲಿ ಅದು ಯಾರಿಗೆ ಕೇಳಿಸೀತು? ಕೇಳಿಸಿದರೂ, ಹುಡುಗಿ ಒಪ್ಪಿದಳು, ಧಾರೆ ಎರೆಯಿರಿ ಎನ್ನುವ ಹಿರಿಯರು ಒಬ್ಬರಾದರೂ ಇದ್ದೇ ಇರುತ್ತಾರೆ.

ಆ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕದ ಹಲವು ಜಿಲ್ಲೆಗಳನ್ನು ನೆರೆ ಮುಳುಗಿಸಿದಾಗ, ಅದರ ಕೀರ್ತಿಯನ್ನು ಕೇಳಿಕೊಂಡು ಬೀಗರ ಕಡೆಯ ಯಾರೂ ಮುಂದೆ ಬರಲಿಲ್ಲ. ಭೋಪಾಲದವರು ಇಷ್ಟು ಸಂಕೋಚದವರಲ್ಲ. ಜುಲೈಯಲ್ಲಿ ಮಳೆಗಾಗಿ ಕಪ್ಪೆಗಳ ಮದುವೆ ಮಾಡಿಸಿದ್ದ ಅಲ್ಲಿನ ಮಂದಿ, ಮಳೆ ನಿಲ್ಲದೆ ಹೋದಾಗ ಸೆಪ್ಟೆಂಬರ್‌ನಲ್ಲಿ ಅವುಗಳಿಗೆ ವಿಚ್ಛೇದನವನ್ನೂ ಕೊಡಿಸಿದರು. ಕಪ್ಪೆಗಳ ದಾಂಪತ್ಯವು ಬಹುಪಾಲು ಮೊಟ್ಟೆಯಿಟ್ಟ ರಾತ್ರಿಯೇ ಮುಗಿದಿರುತ್ತದೆ ಎಂಬುದನ್ನು ಯಾರೂ ಅವರಿಗೆ ತಿಳಿಸಿರಲಿಕ್ಕಿಲ್ಲ. ಇರಲಿ, ಕಾನೂನು ಬಲ್ಲವರನ್ನು ಕೇಳಬೇಕಾದ ಪ್ರಶ್ನೆಯೊಂದು ಉಳಿದಿದೆ: ಜುಲೈಯಲ್ಲಿ ಇಟ್ಟ ಸಾವಿರಾರು ಮೊಟ್ಟೆಗಳು ಗೊದಮೊಟ್ಟೆಗಳಾಗಿ, ಸೆಪ್ಟೆಂಬರ್ ಹೊತ್ತಿಗೆ ಬಾಲ ಕರಗಿ ಕಾಲು ಮೂಡಿ ಹೊಂಡ ಬಿಟ್ಟು ಹೊರಟಿರುವಾಗ, ಅಷ್ಟೂ ಮಕ್ಕಳು ಯಾರ ಪಾಲಿಗೆ?