ಸ್ಪಷ್ಟನೆ: ಆ ಚೀಟಿ ಪೊಲೀಸ್ ದಂಡವಲ್ಲ

‘ಪಾರ್ಕಿಂಗ್ ಏಜೆನ್ಸಿಯವರು ಅಂಟಿಸಿದ ಚೀಟಿಯ 500 ರೂಪಾಯಿ ಕಟ್ಟದಿದ್ದರೆ ಡ್ರೈವಿಂಗ್ ಲೈಸೆನ್ಸ್ ರದ್ದಾಗುತ್ತದೆ’ ಎಂಬ ಸಂದೇಶ ಮೈಸೂರಿನ ಕುವೆಂಪುನಗರದ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದೆ. ಇದು ಶುದ್ಧ ಸುಳ್ಳು. 1988ರ ಮೋಟಾರು ವಾಹನ ಕಾಯ್ದೆಯಡಿ ದಂಡ ಹಾಕುವ ಅಧಿಕಾರ ಪೊಲೀಸರಿಗೂ ಸಾರಿಗೆ ಅಧಿಕಾರಿಗಳಿಗೂ ಇದೆಯೇ ಹೊರತು ಖಾಸಗಿ ಏಜೆನ್ಸಿಗಲ್ಲ.

ನನ್ನದೇ ಜಾಗದಲ್ಲಿ ನಿಂತಿದ್ದ ನನ್ನ ಸ್ಕೂಟರಿಗೂ ಇಂಥ ಚೀಟಿ ಅಂಟಿತ್ತು. ಮೊಹರಿಲ್ಲ, ವಾಹನದ ಸಂಖ್ಯೆಯೂ ತಪ್ಪು. ಕ್ರಯಪತ್ರದಲ್ಲಿ ಪಾರ್ಕಿಂಗ್ ಜಾಗ ನಮೂದಾಗಿರುವ ಪುಟದ ನಕಲು, ಸ್ಕೂಟರಿನ ಫೋಟೊ ಲಗತ್ತಿಸಿ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ, ಚೀಟಿ ವಾಪಸಾಯಿತು.

ಬೇರೆಯವರ ಜಾಗದಲ್ಲಿ ನಿಲ್ಲಿಸಿದವರ ಕಥೆ ಬೇರೆ. ಸಂಘದ ಬೈಲಾದಲ್ಲಿ (ಒಳನಿಯಮಾವಳಿಯಲ್ಲಿ) ದಂಡದ ನಿಯಮವಿದ್ದರೆ ಅವರು ಉತ್ತರಿಸಬೇಕಾದೀತು.