ರಾತ್ರಿ ಹನ್ನೊಂದೂವರೆಗೆ ಹಾಕಿದ ಪೋಲ್

ನಿನ್ನೆ ಭಾನುವಾರ ಸಕಲೇಶಪುರ ಸ್ಟೇಷನ್ನಲ್ಲಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು, ಪ್ಲಾಟ್‌ಫಾರಂ ತುದೀಲಿ ನಾನು, ನಮ್ಮ ರೈಲು ಅಭಿಮಾನಿಗಳ ವಾಟ್ಸಾಪ್ ಗುಂಪಿನ ಇನ್ನೊಬ್ರು ಹಳಬರು, ಕೈಯಲ್ಲಿ ಟೀ ಹಿಡ್ಕೊಂಡು ಘಾಟಿ ಹತ್ತಿ ಬರೋ ಗೂಡ್ಸಿಗೆ ಕಾಯ್ತಿದ್ವಿ. ಅಷ್ಟರಲ್ಲಿ ನಾಲ್ಕು ಜನ ಹುಡುಗ್ರು, ಹೆಗಲಲ್ಲಿ ಬ್ಯಾಗು, ಒಬ್ಬನ ಕೈಲಿ ಟ್ರೈಪಾಡು, ಸೀದಾ ಬಂದು ಮೊಬೈಲ್ ತೋರಿಸಿ "ಅಣ್ಣ, ಹಳಿ ಮೇಲೆ ನಡ್ಕೊಂಡು ಹೋದ್ರೆ ಈ ಸೇತುವೆಗೆ ಎಷ್ಟೊತ್ತಾಗುತ್ತೆ?" ಅಂದ್ರು. ಮ್ಯಾಪ್ ನೋಡಿದೆ. ಆ ಪಿನ್ ಹಾಕಿದ್ದು ನಾನೇ. ಪಕ್ಕದಲ್ಲಿ ಬರೆದಿದ್ದ ಎರಡು ಸಾಲೂ ನಂದೇ. 2018ರಲ್ಲಿ ನಾವು ಏಳೆಂಟು ಜನ ಕೂತು, ಎಲ್ಲಿ ಮಣ್ಣು ಸಡಿಲ, ಎಲ್ಲಿ ಸಿಗ್ನಲ್ ಸಿಗಲ್ಲ, ಯಾವ ತಿರುವಲ್ಲಿ ಕಿಟಕಿಯಿಂದ ಫೋಟೋ ಚೆನ್ನಾಗಿ ಬರುತ್ತೆ ಅಂತ ನಮ್ಮೊಳಗಿನ ಬಳಕೆಗೆ ಮಾಡಿಟ್ಟ ಮ್ಯಾಪ್ ಅದು. ಎಲ್ಲಿ ಸಿಕ್ತಪ್ಪಾ ಅಂದ್ರೆ, "ಇನ್‌ಸ್ಟಾದಲ್ಲಿ ನಿಮ್ಮ ಗ್ರೂಪಿನ ಪೇಜಲ್ಲೇ ಲಿಂಕ್ ಇದ್ಯಲ್ಲಣ್ಣ" ಅಂದ.

ಕೈಲಿದ್ದ ಟೀ ಕುಡಿಯೋಕಾಗ್ಲಿಲ್ಲ ನಂಗೆ.

ವಿಷಯ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಹೋದ ವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ರೈಲು ಗುಂಪಲ್ಲಿ ಅಡ್ಮಿನ್‌ಗಳು ಒಂದು ಪೋಲ್ ಹಾಕಿದ್ರು. "ಗ್ರೂಪ್ ಬೆಳೆಸೋಣ್ವಾ? ಹೌದು, ಇಲ್ಲ." ಬೆಳಗ್ಗೆ ಏಳಕ್ಕೆ ಮುಗೀತು ಅಂತ ಘೋಷಣೆ. ಹೌದು 71, ಇಲ್ಲ 19. ಗುಂಪಲ್ಲಿರೋದು 438 ಜನ. ಅಂದ್ರೆ 348 ಜನ ಬಾಯೇ ಬಿಟ್ಟಿಲ್ಲ, ಯಾಕಂದ್ರೆ ಮಲಗಿದ್ರು, ಇಲ್ಲಾ ನೈಟ್ ಡ್ಯೂಟೀಲಿದ್ರು, ಇಲ್ಲಾ ದೋಣಿಗಲ್ ಕಡೆ ಎಸ್ಟೇಟಲ್ಲಿ ಸಿಗ್ನಲ್ ಇಲ್ದೆ ಕೂತಿದ್ರು. ನಮ್ಮಲ್ಲಿ ರಿಟೈರ್ ಆದ ಲೋಕೋ ಪೈಲಟ್ ಒಬ್ರಿದ್ದಾರೆ, ಈ ಘಾಟೀಲಿ ವರ್ಷಗಟ್ಟಲೆ ಗಾಡಿ ಓಡಿಸಿದೋರು, ರಾತ್ರಿ ಒಂಬತ್ತಕ್ಕೆ ಮಲಗ್ತಾರೆ. ಬೆಳಗ್ಗೆ ಎದ್ದು ನೋಡಿ ನಂಗೆ ಫೋನ್ ಮಾಡಿ "ಏನ್ರೀ ಇದು, ನಮ್ಮನ್ನ ಒಂದು ಮಾತು ಕೇಳ್ಬಾರ್ದಾ" ಅಂದ್ರು. ಅವತ್ತೇ ಮಧ್ಯಾಹ್ನದೊಳಗೆ ಇನ್ವೈಟ್ ಲಿಂಕ್ ಊರಿಗೆಲ್ಲ ಹೋಯ್ತು, ಹೊಸ ಪೇಜ್ ಶುರುವಾಯ್ತು, ಅದರ ಜೊತೆಗೆ ಮ್ಯಾಪೂ ಹೋಯ್ತು. ಪೋಲಲ್ಲಿ ಮ್ಯಾಪಿನ ಮಾತೇ ಇರ್ಲಿಲ್ಲ ಕಣ್ರೀ!

ಹಾಸನದವ್ರಿಗೆ ಈ ಘಾಟಿ ಬಗ್ಗೆ ನಾನು ಹೇಳ್ಬೇಕಿಲ್ಲ, ಆದ್ರೂ ಹೊಸಬರು ಓದ್ತಾರೆ ಅಂತ ಹೇಳ್ತೀನಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರು, 57 ಸುರಂಗ, 109 ಸೇತುವೆ. ಐವತ್ತು ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಏರು, ಅದಕ್ಕೇ ಕೆಳಗಿಂದ ಬರೋ ಗಾಡಿಗೆ ಮುಂದಿನ ಇಂಜಿನ್ ಸಾಲದೆ ಹಿಂದಿಂದ ತಳ್ಳೋಕೆ ಬ್ಯಾಂಕರ್ ಅನ್ನೋ ಇಂಜಿನ್ ಹಾಕ್ತಾರೆ. ಮೀಟರ್‌ಗೇಜ್ ತೆಗೆದು ಬ್ರಾಡ್‌ಗೇಜ್ ಮಾಡೋಕೆ ಅಂತ 1996ರಲ್ಲಿ ನಿಂತ ಪ್ಯಾಸೆಂಜರ್ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಲ್ಲಿ. ಹಳಿ ಮೇಲೆ ನಡೆಯೋದು ಅಪರಾಧ, ರೈಲ್ವೆ ಕಾಯ್ದೆ ಸೆಕ್ಷನ್ 147, ಆರು ತಿಂಗಳವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಆದ್ರೆ ನಾನು ಸಿಟ್ಟಾಗಿರೋದು ಕಾನೂನಿಗಾಗಿ ಅಲ್ಲ.

ಇದುವರೆಗೆ ನಾನು ಎಲ್ಲೂ ಬರೆದಿಲ್ಲ, ಇವತ್ತು ಬರೀತೀನಿ. 2011ರಲ್ಲಿ ಡಿಗ್ರಿ ಓದ್ತಿದ್ದಾಗ ನಾನೂ ಇದೇ ಘಾಟಿಯ ಎಡಕುಮೇರಿ ಕಡೆ ಹಳಿ ಮೇಲೆ ನಡೆದಿದ್ದೀನಿ. ಮನೇಲಿ ಕಾಲೇಜ್ ಟೂರು ಅಂತ ಸುಳ್ಳು ಹೇಳಿ ಹೋಗಿದ್ದೆ. ಒಂದು ಸುರಂಗದ ಮಧ್ಯ ಇದ್ದಾಗ ಕಾಲಡಿ ಜಲ್ಲಿ ನಡುಗೋಕೆ ಶುರುವಾಯ್ತು. ಟಾರ್ಚ್ ಹಿಡಿದು ಹಳಿ ನೋಡ್ತಾ ಬರ್ತಿದ್ದ ಗ್ಯಾಂಗ್‌ಮನ್ ಒಬ್ರು ನನ್ನ ಕಾಲರ್ ಹಿಡಿದು ಎಳೆದು ಗೋಡೇಲಿರೋ ಗೂಡಿನೊಳಗೆ ತಳ್ಳಿ, ತಾವೂ ಪಕ್ಕದಲ್ಲಿ ನುಗ್ಗಿ "ಗೋಡೆಗ್ ಅಂಟ್ಕಳ್ಲಾ ಮರಿ, ಅಲ್ಲಾಡ್ಬ್ಯಾಡ" ಅಂದ್ರು. ಇಂಜಿನ್ ಹೋಯ್ತು, ವ್ಯಾಗನ್‌ಗಳು ಒಂದಾದ ಮೇಲೊಂದು, ಮುಗಿಯೋದೇ ಇಲ್ಲ ಅನ್ನಿಸ್ತು, ಮುಖದಿಂದ ಒಂದು ಗೇಣು ದೂರದಲ್ಲಿ ಕಬ್ಬಿಣ. ಸದ್ದು ಕಮ್ಮಿಯಾಯ್ತು ಅಂತ ತಲೆ ಆಚೆ ಹಾಕೋಕೆ ಹೋದೆ, ಅವರು ಎದೆ ಮೇಲೆ ಕೈ ಒತ್ತಿ ಹಿಡಿದ್ರು. ಹಿಂದೆ ಬ್ಯಾಂಕರ್ ಇತ್ತು. ಎರಡು ಇಂಜಿನ್ ಪೂರ್ತಿ ಜೋರಲ್ಲಿ ತಳ್ತಾ ಬಂದಾಗ ಸುರಂಗ ತುಂಬಾ ಡೀಸೆಲ್ ಹೊಗೆ, ಬಿಸಿ ಅಂದ್ರೆ ಹಬೆ ಪಾತ್ರೆ ಮುಚ್ಚಳ ತೆಗೆದಂಗೆ, ಉಸಿರು ಎಳೆದ್ರೆ ಒಳಗೆ ಹೋಗ್ತಿಲ್ಲ. ಗೋಡೆ ಮೇಲಿಂದ ಇಳೀತಿದ್ದ ನೀರಲ್ಲಿ ಟವೆಲ್ ಒದ್ದೆ ಮಾಡಿ ನನ್ನ ಮೂಗಿಗೆ ಹಿಡಿದ್ರು. ಆಚೆ ಬಂದ ಮೇಲೆ ಬೈಲಿಲ್ಲ. ಡಬ್ಬಿ ತೆಗೆದು ಅಕ್ಕಿ ರೊಟ್ಟೀಲಿ ಅರ್ಧ ಕೊಟ್ರು, ನನ್ನ ಕೈ ನಡುಗ್ತಿತ್ತು, ರೊಟ್ಟಿ ಕೆಳಗೆ ಬಿತ್ತು, ಉಳಿದರ್ಧಾನೂ ಕೊಟ್ರು.

ಬ್ಯಾಂಕರ್ ಅಂದ್ರೆ ಏನು ಅಂತ ನಿನ್ನೆ ಆ ನಾಲ್ಕು ಹುಡುಗ್ರನ್ನ ಕೇಳ್ದೆ. ಗೊತ್ತಿರ್ಲಿಲ್ಲ.

2016ರಲ್ಲಿ ಹನ್ನೊಂದು ಜನ ಹಾಸನ ಸ್ಟೇಷನ್ ಬೆಂಚ್ ಮೇಲೆ ಕೂತು ಗುಂಪು ಶುರು ಮಾಡಿದಾಗ ಮೊದಲು ಮಾಡ್ಕೊಂಡ ನಿಯಮ ಒಂದೇ. ಫೋಟೋ ತೆಗೆಯೋದು ರೈಲಿನ ಒಳಗಿಂದ, ಪ್ಲಾಟ್‌ಫಾರಂನಿಂದ, ರಸ್ತೆಯಿಂದ. ಹಳಿಯಿಂದ ತೆಗೆದದ್ದು ಎಷ್ಟೇ ಚೆನ್ನಾಗಿರ್ಲಿ ಗುಂಪಿಗೆ ಬರಂಗಿಲ್ಲ. ಆಗ ವಾಟ್ಸಾಪ್ ಗುಂಪಿಗೆ 256 ಜನರ ಮಿತಿ, 2022ರಲ್ಲಿ ಅದು 1024 ಆಯ್ತು, ನಾವೂ ನಿಧಾನಕ್ಕೆ ಬೆಳೆದ್ವಿ. ಕೃಷ್ಣರಾಜಪುರಂ ಶೆಡ್ಡಿನ ಯಾವ ಇಂಜಿನ್ ಇವತ್ತು ಬ್ಯಾಂಕರ್ ಆಗಿ ಬಂತು ಅಂತ ಬರ್ಕೊಳ್ಳೋ ಹೈಸ್ಕೂಲ್ ಹುಡುಗನೂ ಇದ್ದ, ಚೆನ್ನರಾಯಪಟ್ಟಣದ ಟೀಚರಮ್ಮನೂ ಇದ್ರು. 2024ರ ಜುಲೈನಲ್ಲಿ ಎಡಕುಮೇರಿ, ಕಡಗರವಳ್ಳಿ ಮಧ್ಯ ಗುಡ್ಡ ಕುಸಿದು ದಿನಗಟ್ಟಲೆ ರೈಲು ನಿಂತಾಗ, ರೈಲ್ವೆ ಹೇಳದ ಒಂದು ಸುದ್ದೀನೂ ನಾವು ಫಾರ್ವರ್ಡ್ ಮಾಡ್ಲಿಲ್ಲ. ಅದಕ್ಕೇ ಜನ ನಮ್ಮನ್ನ ನಂಬಿ "ಇವತ್ತು ಗಾಡಿ ಇದ್ಯಾ" ಅಂತ ಕೇಳ್ತಿದ್ರು. ಆ ನಂಬಿಕೆ ಕಟ್ಟೋಕೆ ಎಂಟು ವರ್ಷ ಹಿಡೀತು.

ಒಬ್ಬ ಹುಡುಗ ಗುಂಪಲ್ಲೇ ನಂಗೆ ಬರೆದ, "ಅಣ್ಣ, ನೀವು ಹಳಬರು ಬಾಗಿಲು ಹಾಕ್ಕೊಂಡು ಕೂತ್ಬಿಟ್ಟಿದ್ದೀರ, ರೈಲು ನಿಮ್ಮಪ್ಪನ ಮನೆ ಆಸ್ತೀನಾ" ಅಂತ. ಅಲ್ಲಪ್ಪಾ, ಖಂಡಿತ ಅಲ್ಲ. ಹೊಸಬರು ಬರ್ಲಿ, ಬರ್ಲೇಬೇಕು, ಅಡ್ಮಿನ್‌ಗಳು ಸಂಬಳ ಇಲ್ದೆ ರಾತ್ರಿ ಹಗಲು ನೋಡ್ಕೊಂಡಿದ್ದಾರೆ ಅನ್ನೋದೂ ನಿಜ, ಕೆಲಸ ಜಾಸ್ತಿಯಾಗಿದ್ರೆ ಇನ್ನು ಇಬ್ಬರನ್ನ ಸೇರಿಸ್ಕೊಳ್ಳಿ, ನಾನೂ ಒಂದು ಪಾಳಿ ಮಾಡ್ತೀನಿ. ನಾನು ಬೇಡ ಅಂತಿರೋದು ಬೆಳೆಯೋದನ್ನಲ್ಲ, ರಾತ್ರಿ ಹನ್ನೊಂದೂವರೆಗೆ ಬೆಳೆಯೋದನ್ನ. 1989ರಲ್ಲಿ ಕೆಲವೇ ಜನ ಇಮೇಲಲ್ಲಿ ಶುರು ಮಾಡಿದ ಐಆರ್‌ಎಫ್‌ಸಿಎ ಅನ್ನೋ ರೈಲು ಅಭಿಮಾನಿಗಳ ಗುಂಪು ಎಷ್ಟು ಬೆಳೀತು ನೋಡಿ, ಸದಸ್ಯರೇ ಕೂಡಿಸಿಟ್ಟ ಪ್ರಶ್ನೋತ್ತರ ಓದಿಯೇ ನಾನು ಸಿಗ್ನಲ್ ಬಗ್ಗೆ ಕಲಿತದ್ದು. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಚರ್ಚೆ ಮಾಡೋ ಜಾಗಕ್ಕೆ ಅರಳಿ ಕಟ್ಟೆ ಅಂತ ಹೆಸರು. ವಿಕಿಪೀಡಿಯದಲ್ಲಿ ಬರೀ ತಲೆ ಎಣಿಸಿ ತೀರ್ಮಾನ ಮಾಡಲ್ಲ, ಯಾರು ಏನು ಕಾರಣ ಕೊಟ್ರು ಅಂತ ನೋಡ್ತಾರೆ, ಒಮ್ಮತಕ್ಕೆ ಬರೋ ತನಕ ಮಾತಾಡ್ತಾರೆ. ಕಟ್ಟೆ ಮೇಲೆ ಕೂತ ಊರವ್ರು ಕೂಡ ಕೆರೆ ತೂಬು ಎತ್ತೋ ಮುಂಚೆ ಕೆಳಗಿನ ಗದ್ದೆಯವನನ್ನ ಕೇಳ್ತಾರಲ್ರೀ! ನಮ್ಮ ಮ್ಯಾಪ್ ಆಚೆ ಬಿಡೋ ಮುಂಚೆ ಆ ಹಳಿ ಮೇಲೆ ದಿನಾ ನಡೆಯೋ ಗ್ಯಾಂಗ್‌ಮನ್‌ಗಳನ್ನ ಯಾರು ಕೇಳಿದ್ರು? ನಮ್ಮ ಗುಂಪಲ್ಲೇ ಮೂರು ಜನ ಇದ್ದಾರೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೆಣ ಎತ್ತೋಕೆ ಹೋಗೋರು ಅವರೇ, ಪೇಜ್ ನಡೆಸೋರಲ್ಲ.

ಆ ಹುಡುಗ್ರನ್ನ ಮಂಗಳೂರು ಕಡೆ ಹೋಗೋ ಗಾಡಿ ಹತ್ತಿಸಿ, ಸೇತುವೆ ಯಾವ ಕಡೆ ಕಿಟಕಿಗೆ ಬರುತ್ತೆ ಅಂತ ಹೇಳಿ ಕಳಿಸ್ದೆ. ಸಂಜೆ ಒಬ್ಬ ಫೋಟೋ ಕಳಿಸಿದ್ದಾನೆ, ಮಂಜಿನೊಳಗಿಂದ ಸೇತುವೆ ಕಮಾನು ಅರ್ಧ ಕಾಣ್ತಿದೆ, ನಾನು ಇಷ್ಟು ವರ್ಷದಲ್ಲಿ ತೆಗೆದದ್ದಕ್ಕಿಂತ ಚೆನ್ನಾಗಿದೆ. ಅಂಥವ್ರು ನಮ್ಮ ಗುಂಪಿಗೆ ಬೇಕು.

ಮ್ಯಾಪಲ್ಲಿ ನಾನು ಹಾಕಿದ್ದ ಪಿನ್‌ಗಳನ್ನ ರಾತ್ರಿನೇ ಅಳಿಸಿದ್ದೀನಿ. ಉಳಿದದ್ದು ಬೇರೆಯವ್ರದ್ದು, ಮುಟ್ಟಿಲ್ಲ. ಲಿಂಕ್ ತೆಗೀರಿ ಅಂತ ಅಡ್ಮಿನ್‌ಗಳಿಗೆ ಮೂರು ಸಲ ಬರೆದೆ, ನೋಡಿದ್ದಾರೆ, ಉತ್ತರ ಇಲ್ಲ. ಬರೋ ಭಾನುವಾರ ಸಂಜೆ ನಾಲ್ಕಕ್ಕೆ ಹಾಸನ ಸ್ಟೇಷನ್, 2016ರಲ್ಲಿ ಕೂತಿದ್ದ ಅದೇ ಬೆಂಚು. ಹೌದು ಅಂದ 71 ಜನಾನೂ ಬನ್ನಿ, ನೈಟ್ ಡ್ಯೂಟಿ ಇರೋರು ಯಾವ ದಿನ ಆಗುತ್ತೆ ಹೇಳಿ, ಆವತ್ತು ಇನ್ನೊಂದು ಸಲ ಕೂರೋಣ.